ಸಂಗೀತ, ಚಲಚ್ಚಿತ್ರ ಮುಂತಾದ ಉದ್ಯಮಗಳಲ್ಲಿ ಉಮೇದುವಾರಿ

ಕಳೆದ ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆಗಳ ಗಡಿಬಿಡಿಯ ನಡುವೆ, ಕಾಪುವಿನಿಂದ ತಂದೆಯೊಬ್ಬರು ನನ್ನನ್ನು ಕಾಣುವುದಕ್ಕಾಗಿ ಶಾಲೆಗೆ ಬಂದರು. ಅವರು ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವರು. ಅವರ ಮಗಳು ನಮ್ಮಲ್ಲಿ ಮೂರು ವರ್ಷ ಓದಿ ಹೋಗಿ, ಈಗ ಪದವಿ ಕಾಲೇಜಿನಲ್ಲಿ ಮಾಧ್ಯಮದ ವಿಷಯವನ್ನು ಅಭ್ಯಾಸಮಾಡುತ್ತಿರುವಳು. ಬೆಂಗಳೂರಿನ ಧ್ವನಿಮುದ್ರಣ ಸ್ಟುಡಿಯೋ ಒಂದರಲ್ಲಿ ಅವಳು ಎಂಟು ವಾರಗಳ ಮಟ್ಟಿಗೆ ಇಂಟರ್ನ್‌ಷಿಪ್ ಮಾಡಬಹುದೆಂದು ಬಂದಿದ್ದ ಕಾಗದವನ್ನು ಅವರು ನನ್ನ ಮೇಜಿನ ಮೇಲೆ ಇಟ್ಟು, "ಟೀಚರೇ, ಇದರಲ್ಲಿ ಸಂಬಳವೂ ಇಲ್ಲ, ಫೀಸೂ ಇಲ್ಲ. ಹಾಗಾದರೆ ಇದು ಕೆಲಸವೋ, ಕ್ಲಾಸೋ?" ಎಂದು ಕೇಳಿದರು.

ಇಪ್ಪತ್ತು ವರ್ಷಗಳಿಗೂ ಮೇಲಾಗಿ ಪಾಠ ಹೇಳಿದ ನನಗೆ ಈ ಸರಳವಾದ ಪ್ರಶ್ನೆಗೆ ಆಗ ನೆಟ್ಟಗೆ ಉತ್ತರ ಕೊಡಲು ಬರಲಿಲ್ಲ. ಅಷ್ಟೇ ಅಲ್ಲ; ಕೆಲವು ವರ್ಷಗಳ ಹಿಂದೆ ಕಾರ್ಕಳದ ತಾಯಿಯೊಬ್ಬರು ಇಂಥದೇ ಕಾಗದವನ್ನು ತಂದಾಗ, ನಾನು ಅದನ್ನು ಪೂರ್ತಿ ಓದದೆಯೇ, "ಸಿನೆಮಾದವರ ಸಹವಾಸ ನಮಗೇಕಮ್ಮ, ಬಿ.ಎಡ್. ಮಾಡಿಸಿರಿ" ಎಂದುಬಿಟ್ಟಿದ್ದೆನು. ಅವರು ಮುಖ್ಯೋಪಾಧ್ಯಾಯಿನಿಯ ಮಾತಿಗೆ ಬೆಲೆ ಕೊಟ್ಟು ಮಗಳನ್ನು ಕಳುಹಿಸಲಿಲ್ಲ. ಶಾಲೆಯ ಹಾರ್ಮೋನಿಯಮ್ಮಿನಲ್ಲಿ ಒಂದು ಸ್ವರವು ಕೂದಲೆಳೆಯಷ್ಟು ತಪ್ಪಿದರೂ ಕೂಡಲೇ ತಲೆಯೆತ್ತಿ ನೋಡುತ್ತಿದ್ದ ಹುಡುಗಿ ಅವಳು. ಅವಳು ಬಿ.ಎಡ್. ಮಾಡಲೂ ಇಲ್ಲ, ಈಗ ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವಳು. ಆ ಕೆಲಸದಲ್ಲಿ ಕುಂದೇನೂ ಇಲ್ಲ. ಆದರೆ ನಾನು ಬೇಡವೆಂದದ್ದು ವಿಚಾರಿಸಿ ನೋಡಿ ಅಲ್ಲ, ತಿಳಿಯದೆ. ಆದಕಾರಣ ಈ ಸಲ ಕಾಪುವಿನವರಿಂದ ಒಂದು ವಾರದ ಅವಧಿ ಕೇಳಿಕೊಂಡು, ತಿಳಿದವರನ್ನು ವಿಚಾರಿಸಿ, ಕಾನೂನುಗಳನ್ನೂ ಓದಿ, ತಿಳಿದುಕೊಂಡುದನ್ನು ಇಲ್ಲಿ ಬರೆದಿರುತ್ತೇನೆ. ಈ ಪ್ರಶ್ನೆಯು ನಮ್ಮ ಅನೇಕ ಮನೆಗಳಿಗೆ ಬಂದಿದೆ, ಇನ್ನೂ ಬರುವುದು.

ಹಿರಿಯರಿಗೆ ಉಮೇದುವಾರಿ ಎಂಬ ಮಾತು ನೆನಪಿರಬಹುದು. ಹಿಂದೆ ಕಚೇರಿಗಳಲ್ಲಿ ಗುಮಾಸ್ತೆಯ ಹುದ್ದೆಯನ್ನು ಬಯಸುವವನು ಕೆಲವು ಕಾಲ ಸಂಬಳವಿಲ್ಲದೆ ನಕಲು ಬರೆಯುತ್ತ, ಕಡತ ಕಟ್ಟುತ್ತ, ಮೇಲಿನವರ ಕೈಬರಹವನ್ನು ಓದಲು ಕಲಿಯುತ್ತ ಇರಬೇಕಾಗಿತ್ತು. ಇಂದಿನ ಇಂಟರ್ನ್‌ಷಿಪ್ಪನ್ನು ಆ ಉಮೇದುವಾರಿಯ ಮೊಮ್ಮಗಳೆನ್ನಬಹುದು. ಆದರೆ ಒಂದು ಭೇದವುಂಟು. ಉಮೇದುವಾರನು ಆ ಕಚೇರಿಯನ್ನೇ ನಂಬಿದವನು. ಇಂಟರ್ನ್ ಆಗಿ ಹೋದ ಹುಡುಗಿಯಾದರೋ ಇನ್ನೂ ತನ್ನ ಕಾಲೇಜಿಗೆ ಸೇರಿದವಳು. ಕಾಲೇಜು ಅವಳನ್ನು ಕಳುಹಿಸುತ್ತದೆ, ಹಿಂದಿರುಗಿದ ಮೇಲೆ ವರದಿಯನ್ನು ಕೇಳುತ್ತದೆ, ಅದಕ್ಕೆ ಅಂಕ ಕೊಡುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ಹೊರಡಿಸಿದ ಪದವಿ ಪಠ್ಯದ ಚೌಕಟ್ಟಿನಲ್ಲಿ ಇಂಥ ತರಬೇತಿಗೆ ೨ರಿಂದ ೪ ಕ್ರೆಡಿಟ್‌ಗಳು ಇವೆ. ಒಂದು ಕ್ರೆಡಿಟ್ ಎಂದರೆ ೩೦ ಗಂಟೆಗಳ ಕೆಲಸ. ಹಾಗೆ ನೋಡಿದರೆ ೪ ಕ್ರೆಡಿಟ್‌ಗೆ ೧೨೦ ಗಂಟೆಗಳು, ದಿನಕ್ಕೆ ಆರು ಗಂಟೆಯಂತೆ ೨೦ ದಿನಗಳು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ೨೦೨೪ರಿಂದ ಮೂರು ವರ್ಷದ ಪದವಿಗೆ ಹಿಂದಿರುಗಿರುವುದರಿಂದಲೂ, ಮಣಿಪಾಲದ ವಿಶ್ವವಿದ್ಯಾಲಯಕ್ಕೆ ತನ್ನದೇ ಪಠ್ಯಕ್ರಮವು ಇರುವುದರಿಂದಲೂ, ನಿಯಮವು ಎಲ್ಲೆಡೆ ಒಂದೇ ಆಗಿರುವುದಿಲ್ಲ. ಮಗಳ ಕಾಲೇಜು ಎಷ್ಟು ಗಂಟೆಗಳನ್ನು ಕೇಳುತ್ತದೆಂಬುದನ್ನು ಅಲ್ಲಿಯೇ ವಿಚಾರಿಸಬೇಕು. ಆ ಲೆಕ್ಕ ತಿಳಿದಿದ್ದರೆ ಒಂದು ಲಾಭವುಂಟು. ಕಾಲೇಜು ಕೇಳುವುದು ೨೦ ದಿನಗಳಾಗಿದ್ದು, ಸ್ಟುಡಿಯೋದವರು ಎಂಟು ವಾರ ಇರಬೇಕೆಂದರೆ, ಉಳಿದ ದಿನಗಳಲ್ಲಿ ಏನನ್ನು ಕಲಿಸುವಿರೆಂದು ಕೇಳಲು ನಮಗೆ ಎಡೆಯಾಗುವುದು.

ಅಂದ ಮೇಲೆ ಕಾಪುವಿನ ತಂದೆಯವರ ಪ್ರಶ್ನೆಗೆ ನನ್ನ ಉತ್ತರವು ಹೀಗೆ: ಇದು ಕ್ಲಾಸೇ, ಆದರೆ ಕೆಲಸದ ಮನೆಯಲ್ಲಿ ನಡೆಯತಕ್ಕ ಕ್ಲಾಸು. ಕ್ಲಾಸಾದರೆ ಅದಕ್ಕೆ ಕಲಿಸುವವರೊಬ್ಬರು ಇರಬೇಕು, ಇಂಥದೆಂದು ಹೇಳಬಹುದಾದ ಪಾಠವಿರಬೇಕು, ಕಲಿತದ್ದಕ್ಕೆ ಗುರುತಿರಬೇಕು. ಇವು ಮೂರೂ ಇಲ್ಲದ ಕಡೆಯಲ್ಲಿ ಎಷ್ಟು ದೊಡ್ಡ ಹೆಸರಿನ ಫಲಕವು ತೂಗಾಡುತ್ತಿದ್ದರೂ ಅದು ಬಿಟ್ಟಿ ಚಾಕರಿಯಲ್ಲದೆ ಬೇರಲ್ಲ.

ಕೆಲಸದ ಜಾಗದಲ್ಲಿಯೇ ಕಲಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಬಾಸೆಲ್ ಮಿಶನಿನ ಅಚ್ಚುಕೂಟದಲ್ಲಿಯೂ ಹಂಚಿನ ಕಾರ್ಖಾನೆಯಲ್ಲಿಯೂ ಹೀಗೆಯೇ ಕೈಕೆಲಸ ಕಲಿತವರು. ಯಕ್ಷಗಾನ ಮೇಳಗಳಲ್ಲಂತೂ ಹುಡುಗನು ಮೊದಲು ಕೋಡಂಗಿಯಾಗಿ, ಬಾಲಗೋಪಾಲನಾಗಿ ರಂಗಕ್ಕೆ ಬಂದು, ಉಳಿದ ರಾತ್ರಿಯೆಲ್ಲ ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನೂ ಪರದೆಯ ಮರೆಯಿಂದ ಅವರ ಹೆಜ್ಜೆಯನ್ನೂ ನೋಡುತ್ತ ಕಲಿಯುತ್ತಿದ್ದನು. ೧೯೭೧ರಲ್ಲಿ ಡಾ. ಶಿವರಾಮ ಕಾರಂತರೂ ಪ್ರೊ. ಕು. ಶಿ. ಹರಿದಾಸ ಭಟ್ಟರೂ ಉಡುಪಿಯಲ್ಲಿ ಸ್ಥಾಪಿಸಿದ ಯಕ್ಷಗಾನ ಕೇಂದ್ರವು ಈ ಮೇಳದ ಕಲಿಕೆಯನ್ನು ಗುರುಕುಲದ ಕ್ರಮಕ್ಕೆ ತಂದಿತು. ಅಲ್ಲಿ ಶಿಷ್ಯರು ಗುರುಗಳೊಡನೆಯೇ ಇದ್ದು ಕಲಿಯುವರು.

ಹೆಣ್ಣುಮಕ್ಕಳಿಗೆ ಈ ಬಾಗಿಲು ತಡವಾಗಿ ತೆರೆಯಿತು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಎಂಬ ವಿದುಷಿಯು ಹಿರಿಯಡ್ಕ ಗೋಪಾಲರಾಯರೇ ಮೊದಲಾದ ಗುರುಗಳಿಂದ ಇಲ್ಲಿಯೇ ಇದ್ದು ಕಲಿತು, ೧೯೭೭ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡಗೂಡಿ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಕಾಸರಗೋಡಿನ ಕಡೆಯ ಮಧೂರಿನಲ್ಲಿ ೧೯೪೭ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಮದುವೆಯಾದ ಮೇಲೆ ಪತಿಯಿಂದಲೇ ಭಾಗವತಿಕೆಯನ್ನು ಅಭ್ಯಾಸಮಾಡಿ, ಗಂಡಸರೇ ತುಂಬಿದ್ದ ವೃತ್ತಿಮೇಳಗಳಲ್ಲಿ ರಾತ್ರಿಯಿಡೀ ಹಾಡಿದರು. ಅವರು ೨೦೨೪ರಲ್ಲಿ ತೀರಿಕೊಂಡಾಗ ನಾವು ಶಾಲೆಯ ಬೆಳಗಿನ ಕೂಟದಲ್ಲಿ ಅವರನ್ನು ನೆನೆದೆವು. ಇಂದು ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಪ್ರೌಢಶಾಲೆಗಳಲ್ಲಿ ಹುಡುಗಿಯರೂ ಗೆಜ್ಜೆ ಕಟ್ಟುತ್ತಿರುವರು. ಹದಿನಾಲ್ಕು ವರ್ಷದಲ್ಲಿ ಗೆಜ್ಜೆ ಕಟ್ಟಬಹುದು, ಆದರೆ ಇಪ್ಪತ್ತರಲ್ಲಿ ಅದೇ ರಂಗದ ಕೆಲಸವನ್ನು ಕಲಿಯಲು ಹೋಗಬಾರದು ಎಂದು ಹೇಳಿದರೆ ಅವರಿಗೆ ನಾವು ಯಾವ ಕಾರಣವನ್ನು ಕೊಡೋಣ?

ನಮ್ಮಲ್ಲಿ ಸಂಗೀತದ ಉದ್ಯೋಗವೆಂದರೆ ಹಾಡುವುದು, ಸಿನೆಮಾ ಎಂದರೆ ನಟಿಸುವುದು ಎಂಬ ಭಾವನೆಯಿದೆ. ಇದು ಸಾಲದು. ಒಂದು ಹಾಡು ನಮ್ಮ ಕಿವಿಗೆ ಬರುವುದರೊಳಗೆ ಎಷ್ಟು ಕೈಗಳು ಅದರ ಮೇಲೆ ಹಾದುಹೋಗುತ್ತವೆಂಬುದನ್ನು ನೋಡಿರಿ. ಕವಿಯೂ ಸಂಗೀತ ನಿರ್ದೇಶಕರೂ ಸರಿ. ವಾದ್ಯಗಾರರಿಗೆ ಸ್ವರಲಿಪಿಯನ್ನು ಬರೆದು ಕೊಡುವವರು ಬೇಕು. ಯಾವ ಮೈಕನ್ನು ಯಾವ ವಾದ್ಯದ ಮುಂದೆ ಎಷ್ಟು ದೂರದಲ್ಲಿ ಇಡಬೇಕೆಂದು ಬಲ್ಲ ಧ್ವನಿಮುದ್ರಕರು ಬೇಕು. ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಹದವಾಗಿ ಕೂಡಿಸುವವರು ಬೇಕು. ಕರಾರುಗಳನ್ನು ಓದಿ ರಾಯಲ್ಟಿಯ ಲೆಕ್ಕ ಇಡುವವರು ಬೇಕು. ಚಲಚ್ಚಿತ್ರಕ್ಕಾದರೆ ಸಂಕಲನ, ಬೆಳಕು, ಉಡುಪು, ದಿನದ ಕೆಲಸದ ಪಟ್ಟಿ, ಬೇರೆ ಭಾಷೆಯ ಅಡಿಬರಹ ಇವೆಲ್ಲ ಸೇರುತ್ತವೆ. ಕನ್ನಡ, ತುಳು, ಕೊಂಕಣಿ, ಇಂಗ್ಲಿಷ್ ನಾಲ್ಕನ್ನೂ ಬಲ್ಲ ನಮ್ಮ ಹುಡುಗಿಯರಿಗೆ ಆ ಕಡೆಯ ಕೆಲಸವೊಂದೇ ಸಾಕಷ್ಟಿದೆ. ಬಟ್ಟೆಯಂಗಡಿಯ ಲೆಕ್ಕವನ್ನು ಒಂದು ಪೈಸೆಯೂ ತಪ್ಪದಂತೆ ಬರೆಯುವವಳಿಗೂ, ಸ್ವರದ ತಪ್ಪನ್ನು ಕಂಡುಹಿಡಿಯುವ ಕಿವಿಯುಳ್ಳವಳಿಗೂ ಅಲ್ಲಿ ಎಡೆಯಿತ್ತೆಂಬುದನ್ನು ನಾನು ಈಗ ಬಲ್ಲೆನು.

ಉದ್ಯಮವು ದೂರದ್ದೆಂದು ಹೇಳುವ ಕಾಲವೂ ಕಳೆಯಿತು. ತುಳುವಿನ ಮೊದಲ ಚಲಚ್ಚಿತ್ರ "ಎನ್ನ ತಂಗಡಿ" ಬಂದದ್ದು ಯಕ್ಷಗಾನ ಕೇಂದ್ರವು ಹುಟ್ಟಿದ ೧೯೭೧ರಲ್ಲಿಯೇ. ಉಡುಪಿಯವರಾದ ರಕ್ಷಿತ್ ಶೆಟ್ಟಿಯವರ "ಉಳಿದವರು ಕಂಡಂತೆ" (೨೦೧೪) ಮಲ್ಪೆಯಲ್ಲಿಯೂ, ರಿಷಬ್ ಶೆಟ್ಟಿಯವರ "ಕಾಂತಾರ" (೨೦೨೨) ಕುಂದಾಪುರದ ಕಡೆಯ ಕೆರಾಡಿಯಲ್ಲಿಯೂ ಚಿತ್ರಿತವಾದವು. ಕಾಪುವಿನ ದೀಪಸ್ತಂಭದ ಬುಡದಲ್ಲಿ ಕ್ಯಾಮರಾ ಹಿಡಿದವರನ್ನು ಕಾಣದ ವಾರವು ಅಪೂರ್ವ.

ಆದರೂ ಹುಡುಗಿಯರ ಕಣ್ಣು ಬೆಂಗಳೂರು, ಮುಂಬಯಿಗಳ ಮೇಲೆಯೇ. ಈ ವಿಷಯದಲ್ಲಿ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಹೇಳಿದ್ದನ್ನು ಬರೆಯುತ್ತೇನೆ. ಒಬ್ಬಳು ಮುಂಬಯಿಯ ಬಹು ಪ್ರಸಿದ್ಧವಾದ ಸಂಸ್ಥೆಯೊಂದಕ್ಕೆ ಹೋದಳು. ಊರಿನಲ್ಲಿ ಸಿಹಿ ಹಂಚಲಾಯಿತು. ಎರಡು ತಿಂಗಳಲ್ಲಿ ಅವಳು ಊಟದ ಪೊಟ್ಟಣಗಳನ್ನು ಎಣಿಸಿದಳು, ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆದಳು. ಧ್ವನಿಮುದ್ರಣದ ಕೋಣೆಯ ಒಳಗೆ ಒಮ್ಮೆಯೂ ಹೋಗಲಿಲ್ಲ. ಕೊನೆಗೆ ಕೊಟ್ಟ ಪ್ರಮಾಣಪತ್ರದಲ್ಲಿ ಅವಳ ಹೆಸರಿನ ಹಿಂದೆ "ಶ್ರೀ" ಎಂದು ಅಚ್ಚಾಗಿತ್ತು. ಇನ್ನೊಬ್ಬಳು ಊರ ಸಮೀಪದ ಸಮುದಾಯ ಬಾನುಲಿಯೊಂದರಲ್ಲಿ ಆರು ವಾರ ಕುಳಿತಳು. ಮೊದಲ ವಾರ ಕೃಷಿಕರೊಬ್ಬರ ಸಂದರ್ಶನದಿಂದ ಕೆಮ್ಮು, ಕುರ್ಚಿಯ ಸದ್ದು, ಕೋಳಿಯ ಕೂಗು ಇವುಗಳನ್ನು ತೆಗೆಯುವ ಕೆಲಸ. ಕೋಳಿಯ ಕೂಗನ್ನೂ ಅವಳು ತೆಗೆದುಬಿಟ್ಟಾಗ ಅಲ್ಲಿಯ ಹಿರಿಯರು, "ಅದನ್ನು ಏಕೆ ತೆಗೆದೆಯಮ್ಮ? ಅದರಿಂದಲೇ ಅಲ್ಲವೇ ಅವರು ಮನೆಯಂಗಳದಲ್ಲಿ ಕುಳಿತಿರುವರೆಂದು ತಿಳಿಯುವುದು" ಎಂದು ಹಿಂದಕ್ಕೆ ಹಾಕಿಸಿದರಂತೆ. ಆರನೆಯ ವಾರ ಅವಳೇ ಅರ್ಧಗಂಟೆಯ ಕಾರ್ಯಕ್ರಮವನ್ನು ಕಟ್ಟಿದಳು. ಯಾವುದು ದೊಡ್ಡ ಜಾಗ?

ಹತ್ತಿರದಲ್ಲಿ ಕೇಳಿ ನೋಡಬಹುದಾದ ಸ್ಥಳಗಳು ಇಲ್ಲದಿಲ್ಲ. ಮಣಿಪಾಲದಲ್ಲಿ ೧೯೯೭ರಿಂದ ಸಂವಹನ ವಿದ್ಯೆಯ ಸಂಸ್ಥೆಯಿದೆ, ಅದರದೇ ಸಮುದಾಯ ಬಾನುಲಿಯೂ ಇದೆ. ಮಂಗಳೂರಿನಲ್ಲಿ ೧೯೭೬ರಿಂದ ಆಕಾಶವಾಣಿ ಇದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವಿದೆ. ಹಾಡನ್ನು ಮುದ್ರಿಸಿ, ಬರೆದು, ಕಾಪಾಡುವುದು ಕೂಡ ಒಂದು ವಿದ್ಯೆಯೆಂಬುದನ್ನು ಮರೆಯಬಾರದು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ೧೯೯೦ರ ಡಿಸೆಂಬರದಲ್ಲಿ ತುಳುವಿನ ಸಿರಿ ಕಾವ್ಯವನ್ನು ಹಾಡಿದಾಗ ಫಿನ್ಲೆಂಡಿನ ಲೌರಿ ಹೊಂಕೋ ಅವರೂ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೂ ಅದನ್ನು ಮುದ್ರಿಸಿಕೊಂಡರು. ೧೯೯೮ರಲ್ಲಿ ಅಚ್ಚಾದಾಗ ಅದು ೧೫,೬೮೩ ಸಾಲುಗಳಷ್ಟಾಯಿತು. ಯಂತ್ರವನ್ನು ನೋಡಿಕೊಳ್ಳುವವರೂ ಕೇಳಿ ಕೇಳಿ ಬರೆಯುವವರೂ ಇಲ್ಲದಿದ್ದರೆ ಅದು ಆ ಗಾಳಿಯಲ್ಲಿಯೇ ಹೋಗಿಬಿಡುತ್ತಿತ್ತು.

ಇನ್ನು ಕಾಗದದ ವಿಷಯ. ಬಾಯಿಮಾತಿನ ಮೇಲೆ ಮಗಳನ್ನು ಕಳುಹಿಸಬೇಡಿರಿ. ಬರಹದಲ್ಲಿ ಏನೇನು ಇರಬೇಕೆಂದರೆ, ಮೊದಲು ಕಲಿಸುವವರ ಹೆಸರು, ಬರಿಯ ಸಂಸ್ಥೆಯ ಹೆಸರಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನ ವರೆಗೆ. ದಿನಕ್ಕೆ ಎಷ್ಟು ಗಂಟೆ, ರಾತ್ರಿಯ ಕೆಲಸವುಂಟೋ, ಉಂಟಾದರೆ ವಸತಿಗೆ ತಲುಪಿಸುವವರು ಯಾರು. ಯಾವ ಕೆಲಸವನ್ನು ತೋರಿಸಿಕೊಡುವರು. ಅವಳು ಕೈಹಾಕಿದ ಹಾಡಿನಲ್ಲಿಯೋ ಚಿತ್ರದಲ್ಲಿಯೋ ಅವಳ ಹೆಸರು ಬರುವುದೋ. ಸಿನೆಮಾದ ಕೆಲಸವು ಗಡಿಯಾರವನ್ನು ನೋಡುವುದಿಲ್ಲ, ಅದು ನಿಜ; ಹಾಗಾದ್ದರಿಂದಲೇ ರಾತ್ರಿಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಒಳ್ಳೆಯ ಸಂಸ್ಥೆಯವರು ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ.

ತಾಯಂದಿರು ನನ್ನೊಡನೆ ಅರ್ಧದಲ್ಲಿ ನಿಲ್ಲಿಸುವ ಮಾತೊಂದಿದೆ. ಅದನ್ನು ನಾನು ಪೂರ್ತಿಯಾಗಿ ಹೇಳುತ್ತೇನೆ. ಕೆಲಸದ ಸ್ಥಳದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳವಾಗದಂತೆ ತಡೆಯುವ ೨೦೧೩ರ ಕಾನೂನು ಸಂಬಳದವರಿಗೆ ಮಾತ್ರವಲ್ಲ, ತರಬೇತಿಗೆ ಬಂದವರಿಗೂ ಅಪ್ರೆಂಟಿಸರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ದೂರು ಕೇಳುವ ಆಂತರಿಕ ಸಮಿತಿಯು ಇರಲೇಬೇಕು, ಅದರ ಮುಖ್ಯಸ್ಥರು ಹೆಂಗಸೇ ಆಗಿರಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರನ್ನು ಮೂರು ತಿಂಗಳೊಳಗೆ ಬರಹದಲ್ಲಿ ಕೊಡತಕ್ಕದ್ದು. ತಕ್ಕ ಕಾರಣವಿದ್ದರೆ ಸಮಿತಿಯವರು ಇನ್ನೂ ಮೂರು ತಿಂಗಳನ್ನು ಕೊಡಬಲ್ಲರು. ಚಲಚ್ಚಿತ್ರ ತಯಾರಿಸುವ ತಂಡಗಳಲ್ಲಿಯೂ ಇಂಥ ಸಮಿತಿ ಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು ೨೦೨೨ರಲ್ಲಿ ತೀರ್ಪಿತ್ತಿತು. ಅದೇ ರಾಜ್ಯದ ಸಿನೆಮಾ ರಂಗದಲ್ಲಿ ಹೆಂಗಸರ ಸ್ಥಿತಿಯನ್ನು ವಿಚಾರಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿಯು ೨೦೧೯ರಲ್ಲಿ ಸಿದ್ಧವಾಗಿದ್ದರೂ ಹೊರಬಿದ್ದದ್ದು ೨೦೨೪ರ ಆಗಸ್ಟಿನಲ್ಲಿ. ಅದನ್ನು ಕುರಿತು ಓದಿದವರಿಗೆ ತಾಯಂದಿರ ಭಯವು ಬರಿಯ ಹಳೆಯ ಕಾಲದ ಭಯವೆಂದು ತೋರದು. ಆದಕಾರಣ ಸಮಿತಿಯವರ ಹೆಸರನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮಗಳಿಗೂ ಒಂದು ಮಾತು ಹೇಳಿಡಿರಿ: ಅರ್ಧದಲ್ಲಿ ಮನೆಗೆ ಹಿಂದಿರುಗಿದರೆ ಯಾರೂ ಗದರಿಸುವುದಿಲ್ಲವೆಂದು. ಹಿಂದಿರುಗಲು ಅಂಜುವ ಹುಡುಗಿಯೇ ಹೆಚ್ಚು ಸಹಿಸುವವಳು.

ಅವಳು ರಚಿಸಿದ ರಾಗ ಅಥವಾ ಬರೆದ ಸಾಲು ಯಾರದೆಂಬುದು ಇನ್ನೊಂದು ತೊಡಕು. ೧೯೫೭ರ ಕೃತಿಸ್ವಾಮ್ಯದ ಕಾನೂನಿನಂತೆ ನೌಕರಿಯ ಇಲ್ಲವೆ ಅಪ್ರೆಂಟಿಸಿನ ಕರಾರಿನಲ್ಲಿ ಇದ್ದುಕೊಂಡು ಮಾಡಿದ ಕೃತಿಯು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಸಾಮಾನ್ಯವಾಗಿ ಕೆಲಸ ಕೊಟ್ಟವರದು. ಇಂಟರ್ನ್ ಆದವಳು ಆ ಮಾತಿನೊಳಗೆ ಬರುವಳೋ ಇಲ್ಲವೋ ಎಂದು ವಕೀಲರು ವಾದಿಸುತ್ತ ಕೂರಬಹುದು. ನಾವು ಆ ವಾದಕ್ಕೆ ಎಡೆಗೊಡದೆ, ಅವಳ ಸ್ವಂತ ರಚನೆಯು ಅವಳದೆಂದು ಮೊದಲೇ ಬರೆಸಿಕೊಳ್ಳುವುದು ಲೇಸು. ೨೦೧೨ರ ತಿದ್ದುಪಡಿಯು ಚಲಚ್ಚಿತ್ರದ ಹಾಡುಗಳನ್ನು ಚಿತ್ರಮಂದಿರದ ಹೊರಗೆ ಬಳಸಿದಾಗ ಕವಿಗೂ ಸಂಗೀತ ರಚಿಸಿದವರಿಗೂ ರಾಯಲ್ಟಿಯ ಪಾಲು ಬಿಟ್ಟುಹೋಗದಂತೆ ಮಾಡಿತು. ಇದನ್ನು ತಿಳಿಯದೆ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟೆನೆಂಬ ಕಾಗದಕ್ಕೆ ಸಹಿ ಹಾಕಬಾರದು. ಹಾಗೆಯೇ ಇನ್ನೊಬ್ಬರ ರಾಗದ ವಿಷಯದಲ್ಲಿಯೂ ಎಚ್ಚರ ಬೇಕು. "ಕಾಂತಾರ"ದ ವರಾಹರೂಪಂ ಹಾಡು ತಮ್ಮ ಹಾಡನ್ನು ಹೋಲುವುದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು ೨೦೨೨ರಲ್ಲಿ ನ್ಯಾಯಾಲಯಕ್ಕೆ ಹೋದುದರಿಂದ, ಅದರ ಮೊದಲಿನ ರೂಪವನ್ನು ಕೆಲಕಾಲ ಹಿಂತೆಗೆಯಬೇಕಾಯಿತು.

ಹೆಸರಿನ ಮಾತು ಬಂದಾಗ ನನಗೆ ಯಾವಾಗಲೂ ನಂದಳಿಕೆಯ ಲಕ್ಷ್ಮೀನಾರಣಪ್ಪನವರ ನೆನಪಾಗುತ್ತದೆ. ಕಾರ್ಕಳ ತಾಲೂಕಿನಲ್ಲಿ ಹುಟ್ಟಿ, ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿ ದುಡಿದು, ೧೯೦೧ರಲ್ಲಿ ಚಿಕ್ಕ ಪ್ರಾಯದಲ್ಲಿಯೇ ತೀರಿಹೋದ ಅವರು ತಮ್ಮ ಕಾವ್ಯಗಳನ್ನು ಯಾರೋ ಹಳೆಯ ಕವಿಯವೆಂಬಂತೆ ಮೈಸೂರಿಗೆ ಕಳುಹಿಸಿದ್ದರು. ಮುದ್ದಣನೆಂದರೆ ಇವರೇ ಎಂದು ನಾಡಿಗೆ ತಿಳಿದದ್ದು ಅವರ ಕಾಲಾನಂತರ. ಅವರು ತಾವಾಗಿಯೇ ಹೆಸರನ್ನು ಮರೆಮಾಡಿದರು. ನಮ್ಮ ಹುಡುಗಿಯರ ಹೆಸರನ್ನು ಬೇರೆಯವರು ಮರೆಮಾಡುವ ಸಂಭವವುಂಟು.

ಹಣದ ಕುರಿತು ಎರಡೇ ಮಾತು. ಇಂಟರ್ನ್‌ಷಿಪ್ ಕೊಡಿಸುತ್ತೇವೆ, ಠೇವಣಿ ಇಡಿರಿ, ಫೋಟೋ ತೆಗೆಸಲು ಇಷ್ಟು ಕಳುಹಿಸಿರಿ ಎನ್ನುವವರಿಗೆ ಒಂದು ಕಾಸನ್ನೂ ಕೊಡಬೇಡಿರಿ. ಇನ್ನು ೧೯೬೧ರ ಅಪ್ರೆಂಟಿಸ್ ಕಾನೂನಿನಲ್ಲಿ ವೇತನದ ನಿಯಮವಿದ್ದರೂ ಕಾಲೇಜಿನ ಇಂಟರ್ನ್‌ಷಿಪ್ಪು ಬಹುಮಟ್ಟಿಗೆ ಅದರ ಹೊರಗೆಯೇ ಉಳಿದಿದೆ. ಇದು ನನಗೆ ಸರಿಯೆನಿಸುವುದಿಲ್ಲ. ಬೆಂಗಳೂರಿನಲ್ಲಿ ಎರಡು ತಿಂಗಳ ವಸತಿ, ಊಟ, ಬಸ್ಸು ಇವುಗಳ ವೆಚ್ಚವನ್ನು ಹೊರಲಾರದ ಮನೆಯ ಹುಡುಗಿಗೆ, ಎಷ್ಟು ಜಾಣ್ಮೆಯಿದ್ದರೂ, ಸಂಬಳವಿಲ್ಲದ ಉಮೇದುವಾರಿಯು ಮುಚ್ಚಿದ ಬಾಗಿಲೇ. ಬೆಂಗಳೂರು, ಮೈಸೂರು, ಮುಂಬಯಿಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ಇದನ್ನು ಓದುತ್ತಿರುವಿರಿ. ನಿಮ್ಮ ಮನೆಯಲ್ಲಿ ಬೇಸಗೆಯ ಆರೆಂಟು ವಾರ ಒಬ್ಬ ತಂಗಿಗೆ ಮಲಗಲು ಎಡೆಯಿದ್ದರೆ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ನಾನಂತೂ ಶನಿವಾರ ಮಧ್ಯಾಹ್ನಗಳಲ್ಲಿ ಶಾಲೆಯಲ್ಲಿಯೇ ಇರುತ್ತೇನೆ. ಇಂಥ ಒಪ್ಪಂದದ ಕಾಗದಗಳನ್ನು ತಂದವರೊಡನೆ ಕುಳಿತು ಓದಲು ಸಿದ್ಧಳಿದ್ದೇನೆ.

ಕಾಪುವಿನ ಹುಡುಗಿಯು ಹೋದಳು. ಅವಳ ತಂದೆಯ ಪರವಾಗಿ ನಾನೇ ಸ್ಟುಡಿಯೋದವರಿಗೆ ಬರೆದೆನು; ಐದು ದಿನಗಳಲ್ಲಿ ಉತ್ತರ ಬಂದಿತು, ಕಲಿಸುವವರ ಹೆಸರೂ ಸಮಿತಿಯವರ ಹೆಸರೂ ಅದರಲ್ಲಿದ್ದವು. ಎಂಟು ವಾರ ಎಂದದ್ದನ್ನು ಆರಕ್ಕೆ ಇಳಿಸಿದರು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯಲ್ಲಿ ಅವಳು ಇದ್ದಳು. ಮೊದಲನೆಯ ಹತ್ತು ದಿನ ಮೈಕಿನ ವಯರುಗಳನ್ನು ಸುತ್ತುವುದೇ ಪಾಠವಾಗಿತ್ತಂತೆ: ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ, ಹಾಗೆ ಸುತ್ತಿದರೆ ವಯರಿನೊಳಗಿನ ತಂತಿಯು ಮುರಿಯುವುದಿಲ್ಲ, ಎಸೆದಾಗ ಗಂಟು ಬೀಳುವುದಿಲ್ಲ. ಫೋನಿನಲ್ಲಿ ಇದನ್ನು ಕೇಳಿದ ಅವಳ ತಂದೆಯವರು ನನ್ನಲ್ಲಿಗೆ ಬಂದು, "ಹಗ್ಗ ಸುತ್ತುವುದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕಿತ್ತೇ ಟೀಚರೇ, ದೋಣಿಯಲ್ಲಿ ನಾನೇ ಕಲಿಸುತ್ತಿದ್ದೆನಲ್ಲ" ಎಂದು ನಕ್ಕರು. ಹಿಂದಿರುಗಿದ ಮೇಲೆ ಅವಳು ಶಾಲೆಗೆ ಬಂದು, ಸಭಾಭವನದ ಮೂಲೆಯಲ್ಲಿ ವರ್ಷಗಳಿಂದ ಸಿಕ್ಕುಸಿಕ್ಕಾಗಿ ಬಿದ್ದಿದ್ದ ನಮ್ಮ ವಯರುಗಳನ್ನೆಲ್ಲ ಬಿಡಿಸಿ, ಕೆಟ್ಟವುಗಳನ್ನು ಬೇರೆಯಿಟ್ಟು, ಉಳಿದ ಹನ್ನೊಂದನ್ನು ಸುತ್ತಿ ಮೊಳೆಗೆ ತೂಗುಹಾಕಿ ಹೋದಳು.